ನನ್ನ ತಂಗಿಗೆ ಕುಡಿಸಿದವರು

ನನ್ನ ತಂಗಿ ಕುಡುಕಿ ಎಂಬುದು ಎರಡು ತಾಲ್ಲೂಕಿಗೆ ಗೊತ್ತಿತ್ತು. ಅವಳಿಗೆ ಕುಡಿಯಲು ಕಲಿಸಿದವರು ಯಾರು ಎಂದು ಆ ಎರಡೂ ಕಡೆ ಒಬ್ಬರೂ ಕೇಳಲಿಲ್ಲ. ಕೇಳಿದ್ದರೆ ನಾನು ಮುಚ್ಚಿಡುತ್ತಿರಲಿಲ್ಲ. ನಮ್ಮವ್ವ ಕಲಿಸಿದಳು, ನಾನು ಕಲಿಸಿದೆ, ಬಾಣಂತಿ ನೋಡಲು ಬಂದ ಕೇರಿಯ ಮುತ್ತೈದೆಯರೆಲ್ಲ ಸೇರಿ ಕಲಿಸಿದರು. ಕಲಿಸಿ ಆದ ಮೇಲೆ ಸೆರಗಿನಲ್ಲಿ ಕೈ ಒರೆಸಿಕೊಂಡು, ‘ಅಯ್ಯೋ, ಹೆಣ್ಣು ಜನ್ಮಕ್ಕೆ ಇದೆಂಥ ಚಟ’ ಎಂದು ಗಲ್ಲಕ್ಕೆ ಬೆರಳಿಟ್ಟುಕೊಂಡವರೂ ಅವರೇ. ಮಗುವನ್ನು ಚಿವುಟುವವರೂ ಅವರೇ, ತೊಟ್ಟಿಲು ತೂಗುವವರೂ ಅವರೇ.

ನಮ್ಮದು ಪಿರಿಯಾಪಟ್ಟಣದ ಕಡೆಯ ಒಂದು ಹಳ್ಳಿ. ರಾಗಿ, ಹುರುಳಿ ಬೆಳೆಯುವ ಮನೆ. ಮದುವೆಯಾದ ನಾಲ್ಕನೇ ವರ್ಷಕ್ಕೆ ನನ್ನ ಗಂಡ ಕಾಲರಾದಲ್ಲಿ ಹೋದ. ಮಕ್ಕಳಿರಲಿಲ್ಲ. ತವರಿಗೆ ಬಂದು ಸೇರಿಕೊಂಡೆ. ಅಪ್ಪ ಇರಲಿಲ್ಲ, ಅಣ್ಣ ಬೇಸಾಯ ನೋಡುತ್ತಿದ್ದ, ಅವ್ವ ಮನೆ ನೋಡುತ್ತಿದ್ದಳು, ಉಳಿದ ಕೆಲಸವೆಲ್ಲ ನನಗೆ. ಇದನ್ನು ಬರೆಯುವಷ್ಟು ಅಕ್ಷರ ಕಲಿತದ್ದು ತೀರ ತಡವಾಗಿ, ಆಸ್ಪತ್ರೆಯೊಂದರಲ್ಲಿ ಆಯಾ ಕೆಲಸಕ್ಕೆ ಸೇರಿದ ಮೇಲೆ. ತಂಗಿ ನನಗಿಂತ ಎಂಟು ವರ್ಷ ಚಿಕ್ಕವಳು. ಅವಳನ್ನು ಕೃಷ್ಣರಾಜನಗರದ ಕಡೆಗೆ ಕೊಟ್ಟಿದ್ದೆವು. ನಾಲೆ ನೀರು, ಭತ್ತದ ಗದ್ದೆ, ಎರಡು ಜೊತೆ ಎತ್ತು ಇರುವ ಮನೆ. ನಮ್ಮ ಅಂತಸ್ತಿಗಿಂತ ಒಂದು ಮೆಟ್ಟಿಲು ಮೇಲೆ. ಆ ಮೆಟ್ಟಿಲನ್ನು ಅವಳ ಅತ್ತೆ ಒಂದು ದಿನವೂ ಮರೆಯಗೊಡಲಿಲ್ಲ.

ಚೊಚ್ಚಲು ಹೆರಿಗೆಗೆ ತಂಗಿ ನಮ್ಮ ಮನೆಗೆ ಬಂದಳು. ದೊಡ್ಡ ಯುದ್ಧ ಶುರುವಾಗುವ ಹಿಂದಿನ ವರ್ಷ ಅದು. ಎರಡು ದಿನ ನೋವು ತಿಂದು ಗಂಡುಮಗು ಹೆತ್ತಳು. ನಮ್ಮ ಕಡೆ ಒಕ್ಕಲುಮನೆಯ ಹೆಂಗಸರು ಕುಡಿಯುವುದಿಲ್ಲ. ಹೆಂಡದಂಗಡಿಯ ಮುಂದೆ ಹಾಯುವಾಗ ಮೂಗಿಗೆ ಸೆರಗು ಅಡ್ಡ ಹಿಡಿಯುತ್ತಾರೆ. ಆದರೆ ಅದೇ ಹೆಂಗಸು ಹೆತ್ತಳೆಂದರೆ, ಎಣ್ಣೆನೀರು ಹಾಕಿ, ಕೆಂಡದ ಶಾಖ ಕೊಟ್ಟು, ಬಿಸಿ ಸಾರಾಯಿಗೆ ಮೆಣಸು ಬೆಲ್ಲ ಕದಡಿ ಒಂದು ಲೋಟ ಕುಡಿಸಬೇಕು. ಬೆಳಿಗ್ಗೆ ಒಂದು, ಸಂಜೆ ಒಂದು. ಇಲ್ಲದಿದ್ದರೆ ಮೈ ನಂಜಾಗುತ್ತದೆ, ಶೀತ ಏರುತ್ತದೆ, ಸನ್ನಿ ಹಿಡಿಯುತ್ತದೆ. ಹಾಗೆಂದು ಯಾರು ಕಂಡು ಹೇಳಿದರೋ ತಿಳಿಯದು. ಅವ್ವನಿಗೆ ಅವಳ ಅವ್ವ ಕುಡಿಸಿದ್ದಳು, ಅವಳಿಗೆ ಅವಳವ್ವ.

ತಂಗಿ ಮೊದಲ ದಿನ ವಾಂತಿ ಮಾಡಿಕೊಂಡಳು. ಅವ್ವ ಮೂಗು ಹಿಡಿದಳು, ನಾನು ಲೋಟ ಹಿಡಿದೆ. ಹದಿನೈದು ದಿನಕ್ಕೆ ತಾನೇ ಕೈ ಚಾಚಿದಳು. ನಮಗೆ ಖುಷಿಯಾಯಿತು, ಬಾಣಂತಿಗೆ ಔಷಧಿ ಒಗ್ಗಿತು ಎಂದು! ಸೋತ ಮೈ, ಕೂಸಿಗೆ ಹಾಲು ಸಾಲದು, ನಿದ್ದೆ ಇಲ್ಲ ಎಂದರೆ ಇನ್ನರ್ಧ ಲೋಟ. ಮಿಕ್ಕವರಿಗೆ ತಿಂಗಳಿಗೆ ನಿಲ್ಲಿಸುವುದನ್ನು ಇವಳಿಗೆ ಐದು ತಿಂಗಳು ಕೊಟ್ಟೆವು. ಕೇರಿಯ ಹೆಂಗಸರು ಬಂದು, ‘ಮಗಳ ಬಾಣಂತನ ಅಂದ್ರೆ ಇಂಗ್ ಮಾಡ್ಬೇಕು ಕಣವ್ವ’ ಎಂದು ಅವ್ವನನ್ನು ಹೊಗಳಿ ಎಲೆ ಅಡಿಕೆ ಹಾಕಿಕೊಂಡು ಹೋದರು.

ಐದು ತಿಂಗಳು ತುಂಬಿದ ಮೇಲೆ ಮಡಿಲು ತುಂಬಿ ಗಂಡನ ಮನೆಗೆ ಕಳಿಸಿದೆವು. ಅಲ್ಲಿ ಲೋಟ ಕೊಡುವವರಿಲ್ಲ. ಮೊದಲು ಕೈ ನಡುಕ, ಆಮೇಲೆ ಬೆವರು, ಅನ್ನ ಸೇರದು, ಕೂಸು ಅತ್ತರೆ ಎದೆ ಡವಡವ. ಮೂರು ತಿಂಗಳು ಹೇಗೆ ತಳ್ಳಿದಳೋ, ಕಣಜದಿಂದ ಮೊರದಲ್ಲಿ ಭತ್ತ ತೆಗೆದು ಕೂಲಿಯ ಹೆಂಗಸಿನ ಕೈಲಿ ಕೊಟ್ಟು ಸಾರಾಯಿ ತರಿಸಿಕೊಳ್ಳುತ್ತಿದ್ದಳಂತೆ. ಒಂದು ದಿನ ಕೊಟ್ಟಿಗೆಯ ಮೂಲೆಯಲ್ಲಿ ಕುಡಿಯುತ್ತಿರುವಾಗ ಅತ್ತೆಯ ಕೈಗೆ ಸಿಕ್ಕಿಬಿದ್ದಳು.

ಆ ಅತ್ತೆ ಗಾಡಿ ಕಟ್ಟಿಸಿಕೊಂಡು ಬಂದದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಗಾಡಿಯಿಂದ ಇಳಿಯಲಿಲ್ಲ. ತಂಗಿಯನ್ನು ಇಳಿಸಿದಳು. ತಂಗಿಯ ಕಂಕುಳಲ್ಲಿ ಕೂಸಿರಲಿಲ್ಲ. ರವಿಕೆಯ ಮುಂಭಾಗ ಹಾಲಿನಿಂದ ತೊಯ್ದು ಅಂಟಿಕೊಂಡಿತ್ತು. ಎಂಟು ತಿಂಗಳ ಕೂಸನ್ನು ಎದೆಯಿಂದ ಕಿತ್ತಿಟ್ಟುಕೊಂಡು ತಾಯಿಯನ್ನು ತಂದು ಬೀದಿಯಲ್ಲಿ ಇಳಿಸಿದ್ದಳು ಆ ಪುಣ್ಯಾತ್ಗಿತ್ತಿ.

‘ನೋಡಿ ಬೀಗ್ತಮ್ಮ, ಗೌರಿ ಅಬ್ಬದೊಳ್ಗೆ ಗುಣ ಮಾಡಿ ಕಳ್ಸಿ. ಕುಡ್ಯೋದ ಬುಟ್ಲು ಅಂದ್ರೆ ಮಗೂನೂ ಐತೆ, ಮನೇನೂ ಐತೆ. ಬುಡ್ಲಿಲ್ಲ ಅಂದ್ರೆ ನನ್ ಮಗನ್ಗೆ ಬ್ಯಾರೆ ಎಣ್ ನೋಡ್ತೀವಿ. ಕೂಸಿನ ಮಕ ಅವ್ಳು ಮರ್ತುಬುಡ್ಬೇಕು’ ಎಂದು ಹೇಳಿ ಗಾಡಿ ತಿರುಗಿಸಿದಳು. ತಂಗಿಯ ಗಂಡ ಮೂಕಿಯ ಮೇಲೆ ಕೂತು ಎತ್ತಿನ ಬಾಲ ನೋಡುತ್ತಿದ್ದ. ಗೌರಿ ಹಬ್ಬಕ್ಕೆ ಇನ್ನು ಮೂರು ತಿಂಗಳಿತ್ತು.

ಅಣ್ಣನಿಗೆ ಮೊದಲು ಹೊಳೆದದ್ದು ದೇವರು. ಹುಣಸೂರಿನ ದಾರಿಯಲ್ಲಿ ಒಂದು ಗುಡಿ. ಅಲ್ಲಿ ಕರ್ಪೂರದ ಮೇಲೆ ಕೈಯಿಟ್ಟು ಆಣೆ ಮಾಡಿದ ಗಂಡಸರು ಕುಡಿತ ಬಿಡುತ್ತಿದ್ದರು. ಬಿಡುತ್ತಿದ್ದರು ಎಂದರೆ ಮುಂದಿನ ಸಂತೆಯವರೆಗೆ. ನಾವು ಮಿಂದು, ಒದ್ದೆ ಸೀರೆಯಲ್ಲಿ ಹೋಗಿ ಸಾಲಿನಲ್ಲಿ ನಿಂತೆವು. ಪೂಜಾರಿ ತಂಗಿಯ ಮುಖ ನೋಡಿ, ‘ಯಾರವ್ವ ಕುಡ್ಯೋನು? ಗಂಡನ್ನ ಕರ್ಕಂಬರ್ಲಿಲ್ವಾ?’ ಎಂದ.

‘ಇವ್ಳೇ’ ಎಂದೆ ನಾನು.

ಅವನು ಎರಡು ಹೆಜ್ಜೆ ಹಿಂದೆ ಸರಿದ. ‘ಎಂಗುಸ್ರಿಗೆ ಆಣೆ ಆಕ್ಸೋ ಪದ್ಧತಿ ಇಲ್ಲ ಕಣವ್ವ. ಎಂಗುಸ್ರು ಕುಡ್ಯಾಕಿಲ್ಲ, ಅದ್ಕೇ ಇಲ್ಲ.’

‘ಇವ್ಳು ಕುಡೀತಾಳಲ್ಲ, ಕಣ್ಣೆದ್ರಿಗೇ ನಿಂತವ್ಳಲ್ಲ!’

‘ಅಂಗಂದ್ರೆ ನಾನೇನ್ ಮಾಡ್ಲಿ? ದೇವ್ರಿಗೆ ಅದು ಗೊತ್ತಿಲ್ಲ.’

ಅವತ್ತು ಸಾಲಿನಲ್ಲಿ ನಿಂತಿದ್ದ ಗಂಡಸರಲ್ಲಿ ಅರ್ಧ ಜನ ಇನ್ನೂ ವಾಸನೆ ಹೊಡೆಯುತ್ತಿದ್ದರು. ಅವರು ನನ್ನ ತಂಗಿಯನ್ನು ನೋಡಿ ನಕ್ಕರು. ಅವರಿಗೆ ಕರ್ಪೂರ ಸಿಕ್ಕಿತು, ತೀರ್ಥ ಸಿಕ್ಕಿತು. ನಮಗೆ ಬಂದ ದಾರಿ ಸಿಕ್ಕಿತು.

ದೇವರು ಕೈಬಿಟ್ಟ ಮೇಲೆ ಮನೆಯವರೇ ವೈದ್ಯರಾದರು. ಕಣಜದ ಕೋಣೆಗೆ ಹಾಕಿ ಚಿಲಕ ಹಾಕುವುದು, ಮೂರು ದಿನ ನೀರು ಗಂಜಿ ಬಿಟ್ಟು ಬೇರೇನೂ ಇಲ್ಲ, ತಾನಾಗಿ ಬಿಡುತ್ತಾಳೆ ಎಂದು ಅಣ್ಣ ತೀರ್ಮಾನ ಮಾಡಿದ. ಎರಡನೆಯ ದಿನ ತಂಗಿ ಗೋಡೆಯ ತುಂಬ ಕಟ್ಟಿರುವೆ ಹರಿಯುತ್ತಿದೆ ಎಂದು ಕೂಗಿದಳು. ಗೋಡೆಯ ಮೇಲೆ ಒಂದು ಇರುವೆಯೂ ಇರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಕೈಕಾಲು ಸೆಟೆದು, ಹಲ್ಲು ಕಚ್ಚಿ, ಬಾಯಲ್ಲಿ ನೊರೆ ಬಂತು. ಅವ್ವ ಎದೆ ಬಡಿದುಕೊಂಡು, ‘ನನ್ ಮಗ್ಳಿಗೆ ಗಾಳಿ ಮೆಟ್ಟೈತೆ’ ಎಂದಳು. ಆ ಮಾತು ಕೇಳಿ ಎಲ್ಲರಿಗೂ ಒಂಥರಾ ನೆಮ್ಮದಿಯಾಯಿತು. ಕುಡಿತವೆಂದರೆ ನಮ್ಮ ತಪ್ಪು, ಗಾಳಿಯೆಂದರೆ ಗಾಳಿಯ ತಪ್ಪು.

ಮಲೆಯಾಳದಲ್ಲಿ ವಿದ್ಯೆ ಕಲಿತವನೆಂಬ ಮಂತ್ರವಾದಿಯೊಬ್ಬ ಬಂದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ನಾನು ಕಣ್ಣಾರೆ ಕಂಡದ್ದು ಅವತ್ತೇ. ಮೆಣಸಿನಕಾಯಿ ಹೊಗೆ ಹಾಕಿದ. ಹುಣಸೆ ಬರಲಿನಿಂದ ತಂಗಿಯ ಬೆನ್ನು, ತೊಡೆ ಬಾಸುಂಡೆ ಬರುವಂತೆ ಬಾರಿಸಿದ. ಗಾಳಿ ತನಗೆ ಸಾರಾಯಿ ಬೇಕು ಎನ್ನುತ್ತಿದೆ ಎಂದು ಹೇಳಿ ಒಂದು ಸೀಸೆ ತರಿಸಿದ. ಮುಕ್ಕಾಲು ಪಾಲು ತಾನು ಕುಡಿದ. ಉಳಿದದ್ದನ್ನು, ಗಾಳಿಗೆ ತೃಪ್ತಿಯಾಗಲಿ ಎಂದು, ತಂಗಿಯ ಬಾಯಿಗೆ ಸುರಿದ. ಸುರಿದ ಸ್ವಲ್ಪ ಹೊತ್ತಿಗೆ ಅವಳ ನಡುಕ ನಿಂತಿತು. ಕಣ್ಣು ನೆಟ್ಟಗಾಯಿತು. ‘ನೋಡ್ದ್ರಾ, ಬುಡ್ತು!’ ಎಂದ ಆ ಮಹಾನುಭಾವ. ನಮ್ಮವರು ಅವನ ಕಾಲಿಗೆ ಬಿದ್ದರು. ನಾನು ಬೀಳಲಿಲ್ಲ. ನನಗೂ ಆಗ ಏನೂ ತಿಳಿಯುತ್ತಿರಲಿಲ್ಲ, ಆದರೆ ಗಾಳಿ ಯಾರ ಹೊಟ್ಟೆಗೆ ಹೋಯಿತು ಎಂಬುದು ಕಾಣುತ್ತಿತ್ತು.

ಆಮೇಲೆ ಸರ್ಕಾರಿ ಆಸ್ಪತ್ರೆ. ಊರಿನ ಹೆಸರು ಬೇಡ. ಆಸ್ಪತ್ರೆಯ ಎದುರಿನ ಸಾರಾಯಿ ಅಂಗಡಿಯ ಮುಂದೆ ಬಿಳಿ ಟೋಪಿಯವರು ನಿಂತು ಭಾಷಣ ಮಾಡುತ್ತಿದ್ದರು. ಕುಡುಕನ ಹೆಂಡತಿಯ ಕಣ್ಣೀರು, ಕುಡುಕನ ಮಕ್ಕಳ ಹಸಿವು ಎಂದು ಒಳ್ಳೆಯ ಮಾತೇ ಆಡುತ್ತಿದ್ದರು. ಕುಡುಕಿ ಎಂಬ ಶಬ್ದ ಅವರ ಬಾಯಲ್ಲೂ ಬರಲಿಲ್ಲ. ಡಾಕ್ಟರು ತಂಗಿಯ ಬೆನ್ನಿನ ಬಾಸುಂಡೆ ನೋಡಿ, ಗಂಡ ಕುಡಿದು ಹೊಡೆಯುತ್ತಾನಾ ಎಂದು ಕೇಳಿದರು. ಇಲ್ಲ ಸ್ವಾಮಿ, ಕುಡಿಯುವವಳು ಇವಳು ಎಂದೆ. ಅವರು ಕನ್ನಡಕದ ಮೇಲಿಂದ ನೋಡಿ, ಕಾಂಪೌಂಡರಿಗೆ ಇಂಗ್ಲಿಷಿನಲ್ಲಿ ಏನೋ ಅಂದರು. ಇಬ್ಬರೂ ನಕ್ಕರು. ‘ಮನಸ್ಸು ಗಟ್ಟಿ ಮಾಡಿಕೊಳ್ಳಬೇಕಮ್ಮ’ ಎಂದು ಕೆಂಪು ನೀರಿನ ಒಂದು ಸೀಸೆ ಕೊಟ್ಟರು. ಮೂರು ದಿನದ ಔಷಧಿಯನ್ನು ತಂಗಿ ಗಾಡಿಯಲ್ಲೇ ಮುಗಿಸಿದಳು. ಅದರಲ್ಲೂ ಅದೇ ವಾಸನೆಯಿತ್ತು.

ಆ ಆಸ್ಪತ್ರೆಯಿಂದ ನಮಗೆ ಸಿಕ್ಕ ಒಂದೇ ಒಂದು ಉಪಕಾರವೆಂದರೆ ಕಸ ಗುಡಿಸುವ ಹೆಂಗಸಿನ ಮಾತು. ಹೊರಗೆ ಬೇವಿನ ಮರದಡಿ ಕೂತಿದ್ದಾಗ ಪೊರಕೆ ಹಿಡಿದುಕೊಂಡೇ ಬಂದು, ‘ಬಾಣಂತನದಾಗೆ ಅಂಟ್ಕೊಂಡಿದ್ದಾ?’ ಎಂದಳು. ಅಷ್ಟು ದಿನದಲ್ಲಿ ಆ ಪ್ರಶ್ನೆ ಕೇಳಿದವಳು ಅವಳೊಬ್ಬಳೇ. ಹೌದೆಂದೆ. ‘ಸರಗೂರಾಗೆ ಒಬ್ಳು ಸೂಲಗಿತ್ತಿ ಮುದ್ಕಿ ಅವ್ಳೆ. ಇಂತಾವ್ರನ್ನ ಬುಡ್ಸವ್ಳೆ. ಅಲ್ಗೋಗಿ’ ಎಂದಳು.

ಅಣ್ಣ ಬೈದುಕೊಂಡೇ ಗಾಡಿ ಕಟ್ಟಿದ. ಹುಣಸೂರು ದಾಟಿ, ಹೆಗ್ಗಡದೇವನಕೋಟೆ ದಾಟಿ, ಸರಗೂರು ಮುಟ್ಟುವಾಗ ಎರಡು ದಿನವಾಯಿತು. ಮುದುಕಿಯ ಮನೆ ಹೊಳೆಗೆ ಹತ್ತಿರ. ಹಲ್ಲಿಲ್ಲದ, ಬಗ್ಗಿದ ಬೆನ್ನಿನ, ಕಲ್ಲಿನಂಥ ಕೈಯ ಹೆಂಗಸು. ತಂಗಿಯ ಕಣ್ಣು ರೆಪ್ಪೆ ಬಿಡಿಸಿ ನೋಡಿದಳು, ಕೈ ಚಾಚಿಸಿ ನಡುಕ ನೋಡಿದಳು, ಬೆನ್ನಿನ ಬಾಸುಂಡೆ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

‘ಇವ್ಳಿಗೆ ಕುಡ್ಸಿದ್ಯಾರು?’

‘ನಮ್ಮವ್ವ.’

‘ನೀನು?’

‘ನಾನೂ ಕುಡ್ಸಿದೆ.’

‘ಮದ್ದು ಇವ್ಳಿಗಲ್ಲ ಕಣವ್ವ ಬೇಕಿರೋದು, ನಿಮ್ಗೆ’ ಎಂದಳು. ‘ಕೂಡ್ಹಾಕ್ದೋರು ಯಾರು? ಇಂತಾವ್ರಿಗೆ ಒಂದೇ ಸಲಕ್ಕೆ ನಿಲ್ಸುದ್ರೆ ಸೆಟ್ಕೊಂಡು ಸತ್ತೋಯ್ತಾರೆ. ನಿಮ್ ಪುಣ್ಯ, ಉಳ್ಕೊಂಡವ್ಳೆ.’

ನನ್ನನ್ನು ಯಾರಾದರೂ ಬೈದರೆ ಎರಡರಷ್ಟು ತಿರುಗಿಸಿ ಕೊಡುವವಳು ನಾನು. ಅವತ್ತು, ಏನು ಮಾಡಬೇಕು ಹೇಳು ಎಂದೆ.

ಅವಳ ಮದ್ದಿನಲ್ಲಿ ಬೇರು ನಾರು ಏನೂ ಇರಲಿಲ್ಲ. ಒಂದು ತೆಂಗಿನ ಚಿಪ್ಪು ಕೊಟ್ಟಳು, ಕಣ್ಣನ್ನು ಮೇಣದಿಂದ ಮುಚ್ಚಿದ್ದು. ತಂಗಿಯನ್ನು ಹೊಳೆಗೆ ಕಳಿಸಿ ಅಡಿಕೆ ಗಾತ್ರದ ನುಣುಪು ಕಲ್ಲು ಮಡಿಲು ತುಂಬ ಆಯಿಸಿದಳು. ದಿನಕ್ಕೆ ನಾಲ್ಕು ಸಲ ಚಿಪ್ಪಿನ ಕಂಠದವರೆಗೆ ಸಾರಾಯಿ. ಆದರೆ ದಿನಾ ಬೆಳಿಗ್ಗೆ ತಂಗಿಯೇ ತನ್ನ ಕೈಯಾರೆ ಒಂದು ಕಲ್ಲು ಚಿಪ್ಪಿಗೆ ಹಾಕಬೇಕು. ಹಾಕಿದ ಕಲ್ಲು ತೆಗೆಯುವಂತಿಲ್ಲ. ಚಿಪ್ಪು ಯಾವತ್ತೂ ತುಂಬಿಯೇ ಕಾಣುತ್ತದೆ; ಒಳಗೆ ಕಲ್ಲು ಹೆಚ್ಚುತ್ತದೆ, ಸಾರಾಯಿ ಇಳಿಯುತ್ತದೆ. ಜೊತೆಗೆ ಹೊತ್ತು ಹೊತ್ತಿಗೆ ರಾಗಿ ಅಂಬಲಿ, ಹುರುಳಿ ಕಟ್ಟಿನ ಸಾರು, ಮಜ್ಜಿಗೆ. ಇಷ್ಟೇ ಮದ್ದು. ಇಷ್ಟಕ್ಕೆ ನಾವು ದೇವರು, ದೆವ್ವ, ಡಾಕ್ಟರು ಎಲ್ಲರನ್ನೂ ಸುತ್ತಿ ಬಂದಿದ್ದೆವು.

ಸಾರಾಯಿ ತರುವ ಕೆಲಸ ನನ್ನದು. ಗಂಡಸತ್ತ ಹೆಂಗಸು ಸರಗೂರಿನ ಸಾರಾಯಿ ಅಂಗಡಿಯ ಮುಂದೆ ಸೀಸೆ ಹಿಡಿದು ನಿಂತರೆ ಜನ ಏನೆನ್ನಬೇಡ? ಎರಡು ದಿನ ಮುಖದ ತುಂಬ ಸೆರಗು ಮುಚ್ಚಿಕೊಂಡು ಹೋದೆ. ಮೂರನೆಯ ದಿನ ಒಬ್ಬ, ‘ಏನಮ್ಮಿ, ಒಬ್ಳೇ ಕುಡೀತೀಯಾ?’ ಎಂದ. ಸೆರಗು ತೆಗೆದು ಸೊಂಟಕ್ಕೆ ಸಿಕ್ಕಿಸಿ ಅವನ ಏಳು ತಲೆಮಾರು ಜಾಲಾಡಿಸಿದೆ. ಆಮೇಲೆ ಅಲ್ಲಿ ನನಗೆ ಯಾರೂ ಅಡ್ಡ ಬರಲಿಲ್ಲ.

ತಂಗಿಯೇನು ಸುಲಭಕ್ಕೆ ಬಗ್ಗಲಿಲ್ಲ. ಹತ್ತು ಹನ್ನೆರಡು ದಿನವಾದಾಗ ಕದ್ದು ನಾಲ್ಕು ಕಲ್ಲು ತೆಗೆದಳು. ಮುದುಕಿ ಚಿಪ್ಪು ಅಲ್ಲಾಡಿಸಿ, ಸದ್ದಿನಲ್ಲೇ ಕಂಡುಹಿಡಿದಳು. ನಾನು ಹೊಡೆಯಲು ಕೈ ಎತ್ತಿದೆ. ಮುದುಕಿ ನನ್ನ ಕೈ ಹಿಡಿದು, ‘ತೆಗ್ದಿದ್ದು ತೆಗ್ದಾಯ್ತು. ನಾಳೀಕ್ ಎಲ್ಡು ಆಕ್ಲಿ’ ಎಂದಳು. ಅಷ್ಟೇ. ಮಗುವಿನ ನೆನಪಾದಾಗ ತಂಗಿ ಹೊಳೆ ಕಡೆ ಮುಖ ಮಾಡಿ ಕೂರುತ್ತಿದ್ದಳು. ಹಾಲು ಬತ್ತಿಹೋಗಿತ್ತು. ತಿಂಗಳ ಮೇಲೆ ನಾಲ್ಕು ದಿನ ಕಳೆದಾಗ, ಒಂದು ಬೆಳಿಗ್ಗೆ ಚಿಪ್ಪನ್ನು ಬಗ್ಗಿಸಿ ನೋಡಿ, ‘ಅಕ್ಕ, ಇವತ್ತು ಬರೀ ಕಲ್ಲೇ ಸಾಕು’ ಎಂದಳು. ನಾನು ಅತ್ತುಬಿಟ್ಟೆ. ಇನ್ನೂ ಒಂದು ತಿಂಗಳು ಅಲ್ಲೇ ಇರಿಸಿಕೊಂಡು ಗಟ್ಟಿ ಮಾಡಿ ಕಳಿಸಿದಳು ಮುದುಕಿ.

ಹೊರಡುವಾಗ ನನ್ನನ್ನು ಪಕ್ಕಕ್ಕೆ ಕರೆದು, ‘ಮುಂದ್ಕೆ ಬಸುರಿ ಆಯ್ತಾಳೆ. ಬಾಣಂತನದಾಗೆ ಒಂದ್ ತೊಟ್ಟು ಇವ್ಳ ಬಾಯ್ಗೆ ಬೀಳ್ಬಾರ್ದು. ನಿಮ್ಮವ್ವನ್ಗೆ ಏಳು’ ಎಂದಳು. ಮನೆಗೆ ಬಂದು ಅವ್ವನಿಗೆ ಹೇಳಿದೆ. ಒಂದು ಸಲವಲ್ಲ, ಮೂರು ಸಲ. ಮೂರು ಸಲವೂ ಅವ್ವ ತಲೆಯಾಡಿಸಿದಳು.

ಗೌರಿ ಹಬ್ಬಕ್ಕೆ ತಂಗಿ ಗಂಡನ ಮನೆ ಸೇರಿದಳು. ಮಗ ಮೊದಲು ಗುರುತು ಹಿಡಿಯಲಿಲ್ಲವಂತೆ. ವಾರದೊಳಗೆ ಅವಳ ಸೊಂಟ ಬಿಟ್ಟು ಇಳಿಯದಂತಾದನಂತೆ. ಅತ್ತೆ ದಿನಾ ಬೆಳಿಗ್ಗೆ ಅವಳ ಬಾಯಿ ಮೂಸಿ ನೋಡಿ ಆಮೇಲೆ ಅಡಿಗೆಮನೆಗೆ ಬಿಡುತ್ತಿದ್ದಳು. ಅದನ್ನೂ ಸಹಿಸಿಕೊಂಡಳು. ಎರಡೂವರೆ ವರ್ಷ ಒಂದು ತೊಟ್ಟು ಮುಟ್ಟಲಿಲ್ಲ. ಮತ್ತೆ ಬಸುರಿಯಾದಳು. ಕುಡುಕಿಯ ಬಾಣಂತನ ನಮ್ಮ ಕೈಲಾಗದು ಎಂದು, ಮಗನನ್ನು ಅಲ್ಲೇ ಇಟ್ಟುಕೊಂಡು, ಅವಳನ್ನು ನಮ್ಮ ಮನೆಗೆ ಕಳಿಸಿದರು.

ಈ ಸಲ ಹೆಣ್ಣುಮಗು. ನಾನು ಬಾಣಂತಿಕೋಣೆಯ ಹೊಸ್ತಿಲಲ್ಲೇ ಹಾಸಿಗೆ ಹಾಕಿದೆ. ಯಾರು ಏನು ತಂದರೂ ಮೂಸದೆ ಒಳಗೆ ಬಿಡಲಿಲ್ಲ. ಅವ್ವ ಓಮ, ಬೆಳ್ಳುಳ್ಳಿ, ಶುಂಠಿ, ಹಿಪ್ಪಲಿ ಕುದಿಸಿ ಕಷಾಯ ಮಾಡಿಕೊಡುತ್ತಿದ್ದಳು. ಹೊಗೆಯಾಡುವ ಕೋಣೆಯಲ್ಲಿ ಓಮದ ಘಾಟಿಗೆ ಬೇರೆ ಯಾವ ವಾಸನೆಯೂ ಗೊತ್ತಾಗುತ್ತಿರಲಿಲ್ಲ. ಬಾಣಂತಿಯ ಕಷಾಯವನ್ನು ಬೇರೆಯವರು ಬಾಯಿಗಿಟ್ಟರೆ ಬಾಣಂತಿಗೆ ತಾಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ. ಹಾಗಾಗಿ ನಾನು ರುಚಿ ನೋಡಲಿಲ್ಲ. ಕಾವಲು ಕೂತ ನಾಯಿಯ ಹಾಗೆ ಕೂತಿದ್ದೆ, ಬೆಳಿಗ್ಗೆ ಸಂಜೆ ನನ್ನ ಕೈಯಿಂದಲೇ ಕುಡಿಸಿದೆ.

ಒಂಬತ್ತನೆಯ ದಿನ ಬಚ್ಚಲಲ್ಲಿ ಲೋಟ ತೊಳೆಯುವಾಗ ತಳದಲ್ಲಿ ಉಳಿದ ಗಸಿಯ ವಾಸನೆ ಮೂಗಿಗೆ ಬಡಿಯಿತು. ಕೋಣೆಯ ಹೊಗೆಯಿಂದ ಹೊರಗೆ ಬಂದ ಮೂಗಿಗೆ ಅದು ಸುಳ್ಳು ಹೇಳಲಿಲ್ಲ. ಒಲೆಯ ಹಿಂದಿನ ತೌಡಿನ ಮಡಕೆಗೆ ಕೈ ಹಾಕಿದೆ. ಸೀಸೆ ಸಿಕ್ಕಿತು. ಅರ್ಧ ಖಾಲಿ. ಸೀಸೆ ಹಿಡಿದು ಬಾಣಂತಿಕೋಣೆಗೆ ಹೋಗಿ ಅವ್ವನ ಮುಂದೆ ನಿಂತೆ.

‘ಏನಿದು?’

‘ಕಷಾಯ ಆರಿದ್ಮೇಲೆ ಒಂಚೂರ್ ಬುಟ್ಟೆ ಕಣಮ್ಮಿ. ಔಷ್ದಿ ಅದು. ಔಷ್ದಿಗೂ ಕುಡ್ತಕ್ಕೂ ಯತ್ಯಾಸ ಇಲ್ವಾ? ಅಸಿ ಮೈ, ನಂಜಾಗಿ ಸತ್ತೋದ್ರೆ?’

‘ಸರಗೂರ್ ಮುದ್ಕಿ ಏನೇಳಿದ್ಲು? ಮೂರು ಸಲ ಏಳ್ಲಿಲ್ವಾ ನಿಂಗೆ? ನನ್ ಕೈಲೇ ಕುಡಿಸ್ದಲ್ಲ, ಪಾಪಿ!’

‘ಎತ್ತಿದ್ರೆ ನಿಂಗ್ ಗೊತ್ತಾಗ್ತಿತ್ತು’ ಎಂದಳು ಅವ್ವ. ಹೆರದವಳು ನೀನು, ನಿನಗೇನು ಗೊತ್ತು ಎಂದು. ಹೊಡೆದಿದ್ದರೆ ಅಷ್ಟು ನೋಯುತ್ತಿರಲಿಲ್ಲ. ನಾನೂ ಬಾಯಿಗೆ ಬಂದದ್ದು ಅಂದೆ. ತಾಯಿಗೆ ಅನ್ನಬಾರದ್ದನ್ನೆಲ್ಲ ಅಂದೆ.

ಹಾಸಿಗೆಯಲ್ಲಿದ್ದ ತಂಗಿ ಗೋಡೆ ಕಡೆ ಮುಖ ತಿರುಗಿಸಿಕೊಂಡು ಹೇಳಿದಳು: ‘ಅಕ್ಕ, ಅವ್ವನ್ನ ಬಯ್ಬ್ಯಾಡ. ಮೊದಲ್ನೇ ಗುಟುಕಿಗೇ ನಂಗೆ ಗೊತ್ತಾಯ್ತು. ಬ್ಯಾಡ ಅನ್ನಾಕೆ ನಾಲ್ಗೆ ಏಳ್ಲಿಲ್ಲ ಕಣಕ್ಕ.’

ನಾನು ಕೋಪವನ್ನು ಎಲ್ಲಿ ಇಳಿಸಲಿ? ಅವ್ವ ಕೇಡು ಬಯಸಿದವಳಲ್ಲ. ತಂಗಿ ಕೇಳಿ ಕುಡಿದವಳಲ್ಲ. ಲೋಟ ಹಿಡಿದ ಕೈ ನನ್ನದು. ಅವತ್ತು ಮಧ್ಯಾಹ್ನವೇ ಕೆರೆ ಏರಿಯಿಂದ ಕಲ್ಲು ಆಯ್ದು ತಂದು, ಒಂದು ಚಿಪ್ಪು ಹುಡುಕಿ, ಮುದುಕಿ ಮಾಡಿದ್ದನ್ನೇ ಮಾಡಲು ಶುರು ಮಾಡಿದೆ. ಒಂದೇ ಸಲಕ್ಕೆ ನಿಲ್ಲಿಸುವ ಧೈರ್ಯ ನನಗಿರಲಿಲ್ಲ. ಆ ಸೆಟೆದ ಮೈಯನ್ನು ಒಂದು ಸಲ ನೋಡಿದ್ದೆ.

ನಮ್ಮ ಹಣೆಬರಹ ನೋಡಿ. ಮೂರನೆಯ ದಿನ, ಹೇಳದೆ ಕೇಳದೆ, ತೊಟ್ಟಿಲಿಗೆ ಹಾಕುವ ಶಾಸ್ತ್ರಕ್ಕೆಂದು ಅವಳ ಅತ್ತೆ ಬಂದಳು. ಸೀದಾ ಕೋಣೆಗೆ ನುಗ್ಗಿದಳು. ಅವಳ ಕಣ್ಣಿಗೆ ಬಿದ್ದದ್ದೇನು? ನಾನು ಚಿಪ್ಪಿಗೆ ಸಾರಾಯಿ ಬಗ್ಗಿಸುತ್ತಿದ್ದೇನೆ, ತಂಗಿ ಕೈ ಚಾಚಿದ್ದಾಳೆ. ‘ಅಕ್ಕನೇ ಕುಡಿಸ್ತಾವ್ಳೆ! ಮನೆಗ್ ಮನೇನೇ ಕುಡುಕ್ರು!’ ಎಂದು ಅಂಗಳಕ್ಕೆ ಹೋಗಿ ಊರು ಕೇಳುವಂತೆ ಕೂಗಿದಳು. ಕಲ್ಲು ತೋರಿಸಿದೆ, ಲೆಕ್ಕ ತೋರಿಸಿದೆ, ಇದು ಬಿಡಿಸುವ ಮದ್ದು ಎಂದು ಅಂಗಲಾಚಿದೆ. ಕೋಪಿಷ್ಠೆ ನಾನು, ಕಾಲು ಕೂಡ ಹಿಡಿದೆ. ಅವಳು ಕಾಲು ಕೊಡವಿಕೊಂಡು ಹೋದಳು. ತೊಟ್ಟಿಲಿನ ಕೂಸನ್ನು ಬಗ್ಗಿ ಸಹ ನೋಡಲಿಲ್ಲ. ಹೆಣ್ಣಲ್ಲವೇ, ಅದು ಬೇಕಿರಲಿಲ್ಲ. ಸುಗ್ಗಿ ಮುಗಿಯುವುದರೊಳಗೆ ಮಗನಿಗೆ ಬೇರೆ ಮದುವೆ ಮಾಡಿದಳು.

ತಂಗಿ ಒಂದೂಕಾಲು ತಿಂಗಳಿಗೆ ಚಿಪ್ಪನ್ನು ಬರೀ ಕಲ್ಲಿನಿಂದ ತುಂಬಿದಳು. ಒಂದೇ ಒಂದು ಕಲ್ಲನ್ನೂ ಈ ಸಲ ತೆಗೆಯಲಿಲ್ಲ. ವರ್ಷದ ಮೇಲೆ ಕಾದು, ಹೆಣ್ಣುಮಗು ಹೆಜ್ಜೆ ಇಡಲು ಕಲಿತ ಮೇಲೆ, ‘ಅಕ್ಕ, ನಂಗೆ ಗಂಡ ಬ್ಯಾಡ, ಮನೆ ಬ್ಯಾಡ. ಮಗನ್ನ ಕೇಳ್ಕಂಬರಾನ ಬಾ’ ಎಂದಳು. ಪೆಟ್ರೋಲಿಲ್ಲದೆ ಇದ್ದಿಲಿನಲ್ಲಿ ಓಡುವ ಬಸ್ಸುಗಳ ಕಾಲ. ಏರಿ ಬಂದಲ್ಲೆಲ್ಲ ಇಳಿದು ತಳ್ಳಿ, ಮಸಿ ಮೆತ್ತಿಕೊಂಡು, ಕೃಷ್ಣರಾಜನಗರ ಸೇರಿ, ಅಲ್ಲಿಂದ ನಾಲೆ ಏರಿಯ ಮೇಲೆ ನಡೆದು ಆ ಮನೆ ಮುಟ್ಟಿದೆವು.

ಜಗಲಿಯ ಮೇಲೆ ಹೊಸ ಸೊಸೆ ಅವರೆಕಾಯಿ ಸುಲಿಯುತ್ತಿದ್ದಳು. ಹದಿನೇಳೋ ಹದಿನೆಂಟೋ. ದಿನ ತುಂಬಿದ ಹೊಟ್ಟೆ. ತಂಗಿಯ ಮಗ ಅವಳ ಸೆರಗು ಹಿಡಿದುಕೊಂಡು ನಿಂತಿದ್ದ. ಐದು ವರ್ಷದ ಹುಡುಗ. ತಾಯಿಯನ್ನು ನೋಡಿ ಇನ್ನಷ್ಟು ಹಿಂದೆ ಸರಿದ. ಅತ್ತೆ ಬಾಗಿಲಿಗೆ ಬಂದು, ‘ಕುಡುಕಿ ಕೈಗೆ ನನ್ ಮೊಮ್ಮಗನ್ನ ಕೊಟ್ಟೇನಾ?’ ಎಂದಳು. ವರ್ಷದಿಂದ ಮುಟ್ಟಿಲ್ಲ ಎಂದೆ. ಬೇಕಾದರೆ ಬಾಯಿ ಮೂಸಿ ನೋಡಿ ಎಂದೆ. ಅವಳಿಗೆ ಅದೆಲ್ಲ ಬೇಕಿರಲಿಲ್ಲ.

ಆಗ ನನ್ನ ಕಣ್ಣು ಅವಳ ಹೆಗಲ ಹಿಂದಿನ ಗೋಡೆಗೂಡಿಗೆ ಹೋಯಿತು. ಮೆಣಸಿನ ಗಂಟು, ಶುಂಠಿ, ಅಚ್ಚುಬೆಲ್ಲ, ಹೊಸ ಹತ್ತಿಬಟ್ಟೆ, ಅವುಗಳ ಮಧ್ಯೆ ಚೀಟಿ ಅಂಟಿಸಿದ ಒಂದು ಬಾಟಲಿ.

‘ಅದೇನದು?’ ಎಂದೆ.

‘ಬಾಣಂತನಕ್ಕೆ ಮೈಸೂರಿಂದ ತರ್ಸಿರೋ ಬ್ರಾಂದಿ’ ಎಂದಳು ಆ ಅತ್ತೆ, ಗತ್ತಿನಿಂದ. ‘ನಿಮ್ಮಂಗೆ ನಾವು ಸಾರಾಯಿ ಕುಡ್ಸಲ್ಲ.’

ನಾನು ಏನೇನು ಕೂಗಿದೆನೋ ಈಗ ನೆನಪಿಲ್ಲ. ಅಕ್ಕಪಕ್ಕದವರು ಬೀದಿಗೆ ಬಂದರು ಎಂಬುದು ನೆನಪಿದೆ. ಹೇಳೋದು ಶಾಸ್ತ್ರ, ಇಕ್ಕೋದು ಗಾಳ ಎಂದೆ, ನಿನ್ನ ನಾಲಿಗೆಗೆ ಹುಳ ಬೀಳ ಎಂದೆ. ತಂಗಿ ಕೂಗಲಿಲ್ಲ. ಕಂಕುಳಲ್ಲಿದ್ದ ಮಗಳನ್ನು ನನ್ನ ಕೈಗೆ ಕೊಟ್ಟು, ಜಗಲಿಯ ಹತ್ತಿರ ಹೋಗಿ, ಆ ಹುಡುಗಿಯ ಮುಂದೆ ಕುಕ್ಕರಗಾಲಲ್ಲಿ ಕೂತಳು.

‘ತಂಗೀ, ಅದ ಕುಡೀಬ್ಯಾಡ ಕಣವ್ವ. ಈಗ ಅವ್ರೇ ಕುಡಿಸ್ತಾರೆ. ಆಮೇಕೆ ಕೂಸ್ನ ಇಟ್ಕಂಡು ನಿನ್ನ ಕಳಿಸ್ತಾರೆ.’

ಹುಡುಗಿ ಅತ್ತೆಯ ಮುಖ ನೋಡಿದಳು. ಅತ್ತೆ ಕಣ್ಣು ಬಿಟ್ಟಳು. ಹುಡುಗಿ ತಲೆ ತಗ್ಗಿಸಿ ಅವರೆಕಾಯಿ ಸುಲಿಯತೊಡಗಿದಳು. ತಂಗಿ ಮಗನ ಕಡೆ ಕೈ ಚಾಚಿದಳು. ಅವನು ಬರಲಿಲ್ಲ. ಸ್ವಲ್ಪ ಹೊತ್ತು ಕೈ ಹಾಗೇ ಹಿಡಿದಿದ್ದು, ಎದ್ದು ಬಂದು, ನನ್ನ ಕೈಯಿಂದ ಮಗಳನ್ನು ತೆಗೆದುಕೊಂಡಳು.

ಆಮೇಲೆ ನನ್ನ ತಂಗಿ ಇನ್ನೂ ಹದಿನಾರು ವರ್ಷ ಬದುಕಿದಳು. ಒಂದು ತೊಟ್ಟು ಮುಟ್ಟಲಿಲ್ಲ. ಮಗನನ್ನು ಅವರು ಕೊಡಲಿಲ್ಲ.